ಆಟದ ಬಯಲಿನ ಔಷಧದ ಪೆಟ್ಟಿಗೆ

ಮಳೆಗಾಲದ ನಡುವೆ ನಮ್ಮ ಶಾಲೆಗಳ ಕ್ರೀಡಾಕೂಟಗಳು ಮೊದಲಾಗುತ್ತವೆ. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಕೂಟಗಳಿಗೆ ಹೋದವರು ಬಯಲಿನ ಅಂಚಿನಲ್ಲಿ ಒಂದು ಮೇಜನ್ನೂ ಅದರ ಮೇಲೊಂದು ಪೆಟ್ಟಿಗೆಯನ್ನೂ ಕಂಡಿರಬಹುದು. ಪೆಟ್ಟಿಗೆಯೊಳಗೆ ಹತ್ತಿ, ಪಟ್ಟಿಬಟ್ಟೆ, ಟಿಂಚರು, ನೋವಿಗೆ ಸಿಂಪಡಿಸುವ ಡಬ್ಬಿ, ಗ್ಲೂಕೋಸಿನ ಪುಡಿ ಇರುತ್ತವೆ. ತಳದಲ್ಲಿ, ಹೆಸರಿದ್ದ ಭಾಗವನ್ನು ಯಾರೋ ಎಂದೋ ಕತ್ತರಿಸಿಕೊಂಡುಹೋದ ಗುಳಿಗೆಗಳು ಕೆಲವು ಬಿದ್ದಿರುತ್ತವೆ. ಈ ಲೇಖನ ಆ ಗುಳಿಗೆಗಳನ್ನು ಕುರಿತದ್ದು.

ಕೆಲವು ವರ್ಷಗಳ ಹಿಂದೆ ಇಂಥದೊಂದು ಕೂಟದಲ್ಲಿ ನಾವು ಕಂಡುದನ್ನು ಹೇಳುವುದಾದರೆ, ೧,೫೦೦ ಮೀಟರ್ ಓಟಕ್ಕೆ ನಿಲ್ಲಬೇಕಾಗಿದ್ದ ಹುಡುಗನೊಬ್ಬನಿಗೆ ಹಿಂದಿನ ರಾತ್ರಿಯಿಂದ ಜ್ವರವಿತ್ತು. ಮೈಕೈ ನೋವೂ ಇತ್ತು. ಶಿಕ್ಷಕರು ಹಣೆ ಮುಟ್ಟಿ ನೋಡಿದರು, ಪೆಟ್ಟಿಗೆಯಿಂದ ಒಂದು ಗುಳಿಗೆ ತೆಗೆದು ಕೊಟ್ಟರು. “ಏನೂ ಆಗೋದಿಲ್ಲ ಕಣೋ, ನುಂಗಿ ಓಡು” ಎಂದರು. ಹುಡುಗ “ಆಗಲಿ ಸಾರ್” ಎಂದು ಓಡಿದನು, ಮೂರನೆಯವನಾಗಿ ಬಂದನು. ಅದು ಯಾವ ಗುಳಿಗೆಯೆಂದು ನಾವು ಶಿಕ್ಷಕರನ್ನು ಕೇಳಿದೆವು. “ಜ್ವರದ್ದು; ನೋವಿಗೂ ಆಗುತ್ತೆ” ಎಂಬುದೇ ಉತ್ತರ. ಅವರು ಸಜ್ಜನರು, ಮಕ್ಕಳ ಬುತ್ತಿಗೆ ಸ್ವಂತ ಹಣ ಖರ್ಚು ಮಾಡಿ ಬಂದಿದ್ದವರು. ಹುಡುಗನಿಗೂ ಅಂದು ಏನೂ ಆಗಲಿಲ್ಲ. ಹೀಗೆ ಬಹುಪಾಲು ಸಲ ಏನೂ ಆಗದೆ ಹೋಗುವುದರಿಂದಲೇ ಈ ಪದ್ಧತಿ ಇನ್ನೂ ಉಳಿದುಕೊಂಡಿದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಆಟಗಾರರ ಪಕ್ಕದಲ್ಲಿ ನಿಲ್ಲುವವರು, ಅವರನ್ನು ವ್ಯಾಯಾಮ ಶಿಕ್ಷಕರೆನ್ನಿ, ತರಬೇತುದಾರರೆನ್ನಿ, ಉಳುಕು ಮುರಿತಗಳನ್ನು ಮಾತ್ರ ಬಲ್ಲವರಾದರೆ ಸಾಲದು. ಅವರಿಗೆ ಔಷಧಶಾಸ್ತ್ರದ ಮೂಲತತ್ತ್ವಗಳೂ ಸಾಮಾನ್ಯ ರೋಗಗಳ ಪರಿಚಯವೂ ಇರಲೇಬೇಕು. ಇದು ಮದ್ದು ಕೊಡುವುದಕ್ಕಾಗಿ ಅಲ್ಲ. ಕೊಡಬಾರದ ಮದ್ದು ಯಾವುದು, ಆಡಿಸಬಾರದ ದಿನ ಯಾವುದು ಎಂಬುದನ್ನು ಅರಿಯುವುದಕ್ಕಾಗಿ. ಅಮೆರಿಕದಲ್ಲಿ ಈ ಕೆಲಸಕ್ಕೆಂದೇ ಒಂದು ವೃತ್ತಿಯಿದೆ. ಅಥ್ಲೆಟಿಕ್ ಟ್ರೇನರುಗಳೆಂದು ಕರೆಯಲ್ಪಡುವ ಅವರ ರಾಷ್ಟ್ರೀಯ ಸಂಘ ೧೯೫೦ರಲ್ಲಿ ಸ್ಥಾಪಿತವಾಯಿತು. ೧೯೯೦ರಲ್ಲಿ ಆ ದೇಶದ ವೈದ್ಯರ ಸಂಘ ಇದನ್ನು ವೈದ್ಯಕೀಯಕ್ಕೆ ಹೊಂದಿಕೊಂಡ ವೃತ್ತಿಯೆಂದು ಮನ್ನಿಸಿತು. ಔಷಧಶಾಸ್ತ್ರವೂ ಸಾಮಾನ್ಯ ರೋಗಗಳ ವಿಷಯವೂ ಅವರ ವ್ಯಾಸಂಗದಲ್ಲಿ ಸೇರಿವೆ. ಆ ವ್ಯಾಸಂಗ ಏಕೆ ಬೇಕಾಯಿತೆಂಬುದನ್ನು ತಿಳಿಯಲು ಅವರ ದೇಶದಲ್ಲೇ ನಡೆದ ಒಂದು ಓಟವನ್ನು ನೋಡಿದರೆ ಸಾಕು.

೧೯೦೪ರ ಆಗಸ್ಟ್ ೩೦ರಂದು ಸೇಂಟ್ ಲೂಯಿಸ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟ ನಡೆಯಿತು. ಮಧ್ಯಾಹ್ನದ ಬಿಸಿಲು, ಹಾದಿಯ ತುಂಬ ಮೋಟಾರು ಗಾಡಿಗಳು ಎಬ್ಬಿಸಿದ ಧೂಳು, ಕುಡಿಯಲು ನೀರು ದಾರಿಯಲ್ಲಿ ಒಂದೆರಡು ಕಡೆ ಮಾತ್ರ. ಹೊರಟವರು ೩೨ ಮಂದಿ, ಗುರಿ ಮುಟ್ಟಿದವರು ೧೪ ಮಂದಿ. ಗೆದ್ದವನು ಥಾಮಸ್ ಹಿಕ್ಸ್ ಎಂಬಾತ. ಅವನು ದಣಿದು ಕುಸಿಯುವಂತಾದಾಗ ಜೊತೆಗಿದ್ದ ಸಹಾಯಕರು ಅವನಿಗೆ ಕೊಟ್ಟದ್ದು ನೀರನ್ನಲ್ಲ. ಮೊಟ್ಟೆಯ ಬಿಳಿಯಲ್ಲಿ ಕಲಸಿದ ಸ್ಟ್ರಿಕ್ನಿನ್ನನ್ನು, ಗ್ರೇನಿನ ಅರುವತ್ತರಲ್ಲಿ ಒಂದು ಪಾಲು, ಎಂದರೆ ಸುಮಾರು ಒಂದು ಮಿಲಿಗ್ರಾಮ್. ಮುಂದೆ ಇನ್ನೊಮ್ಮೆ ಅದನ್ನೇ ಕೊಟ್ಟರು, ಬ್ರಾಂದಿಯನ್ನೂ ಕುಡಿಸಿದರು. ಕೊನೆಯಲ್ಲಿ ಅವನನ್ನು ಹಿಡಿದೆತ್ತಿಕೊಂಡು ಗೆರೆ ದಾಟಿಸಬೇಕಾಯಿತು. ಅಂದಿನ ನಿಯಮಗಳಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ.

ಸ್ಟ್ರಿಕ್ನಿನ್ ಎಂದರೆ ನಮ್ಮ ಮಲೆನಾಡು ಕರಾವಳಿಗಳ ಕಾಡಿನಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿರುವ ವಿಷವೇ. ನಮ್ಮ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಪ್ರಚೋದಿಸುವ ನರಸಂದೇಶಗಳು ಇರುವಂತೆಯೇ ಅವನ್ನು ತಡೆದು ಹಿಡಿಯುವ ಸಂದೇಶಗಳೂ ಇವೆ. ಈ ವಿಷ ತಡೆಯುವ ಸಂದೇಶಗಳನ್ನು ಮುಚ್ಚಿಹಾಕುತ್ತದೆ. ಆಗ ಸ್ನಾಯುಗಳು ಅಲ್ಪ ಕಾರಣಕ್ಕೂ ಬಿಗಿಯುತ್ತವೆ. ನೋಡುವವರಿಗೆ ಮೈಯಲ್ಲಿ ಹುರುಪು ತುಂಬಿದಂತೆ ಕಾಣುತ್ತದೆ. ಕುದುರೆಗೆ ಬಲ ಬಂದದ್ದಲ್ಲ, ಲಗಾಮು ಕಡಿದದ್ದು. ಪ್ರಮಾಣ ತುಸು ಮೀರಿದರೆ ಉಸಿರಾಟದ ಸ್ನಾಯುಗಳೂ ಸೆಟೆದು ಮನುಷ್ಯ ಸಾಯುತ್ತಾನೆ. ಹಿಕ್ಸನ ಸಹಾಯಕರು ಕೊಲೆಗಡುಕರಾಗಿರಲಿಲ್ಲ; ನಮ್ಮ ಶಿಕ್ಷಕರಂತೆ ತಮ್ಮವನು ಗೆಲ್ಲಲೆಂದು ಹಾರೈಸಿದವರು. ಮದ್ದು ಒಳಗೆ ಹೋಗಿ ಏನು ಮಾಡುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ.

ಇದಾಗಿ ೬೮ ವರ್ಷಗಳ ಮೇಲೆ ಬೇರೊಂದು ಬಗೆಯ ಅನರ್ಥ ನಡೆಯಿತು. ೧೯೭೨ರ ಮ್ಯೂನಿಕ್ ಒಲಿಂಪಿಕ್ ಕೂಟದಲ್ಲಿ ೪೦೦ ಮೀಟರ್ ಈಜಿನಲ್ಲಿ ಹದಿನಾರು ವರ್ಷದ ಅಮೆರಿಕನ್ ಹುಡುಗ ರಿಕ್ ಡಿಮಾಂಟ್ ಆಸ್ಟ್ರೇಲಿಯದ ಬ್ರ್ಯಾಡ್ ಕೂಪರನನ್ನು ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಸೋಲಿಸಿದನು. ಈ ಹುಡುಗನಿಗೆ ಚಿಕ್ಕಂದಿನಿಂದ ಉಬ್ಬಸ. ಉಬ್ಬಸಕ್ಕೆಂದು ವೈದ್ಯರು ಬರೆದುಕೊಟ್ಟಿದ್ದ ಮರಾಕ್ಸ್ ಎಂಬ ಗುಳಿಗೆಯನ್ನು ಅವನು ಸೇವಿಸುತ್ತಿದ್ದನು. ಹಾಗೆಂದು ತಂಡದ ವೈದ್ಯಕೀಯ ಅರ್ಜಿಯಲ್ಲಿ ಬರೆದೂ ಇದ್ದನು. ಆ ಗುಳಿಗೆಯಲ್ಲಿ ಎಫೆಡ್ರಿನ್ ಇತ್ತು. ಎಫೆಡ್ರಿನ್ ನಿಷಿದ್ಧ ದ್ರವ್ಯಗಳ ಪಟ್ಟಿಯಲ್ಲಿತ್ತು. ಅರ್ಜಿಯನ್ನೂ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಎಫೆಡ್ರಿನ್ ಕಾಣಿಸಿಕೊಂಡಿತು, ಚಿನ್ನದ ಪದಕ ಹೋಯಿತು. ತಾನೇ ವಿಶ್ವದಾಖಲೆ ಹೊಂದಿದ್ದ ೧,೫೦೦ ಮೀಟರ್ ಈಜಿನ ಅಂತಿಮ ಸ್ಪರ್ಧೆಗೂ ಅವನನ್ನು ಇಳಿಯಗೊಡಲಿಲ್ಲ. ಮರುವರ್ಷ ಬೆಲ್‌ಗ್ರೇಡಿನ ವಿಶ್ವಸ್ಪರ್ಧೆಯಲ್ಲಿ ಅದೇ ೪೦೦ ಮೀಟರನ್ನು ನಾಲ್ಕು ನಿಮಿಷಗಳ ಒಳಗೆ ಈಜಿದ ಮೊತ್ತಮೊದಲಿಗನೆಂಬ ಕೀರ್ತಿಯನ್ನು ಅವನು ಪಡೆದನು. ಅವನು ಮದ್ದಿನ ವಿಷಯವನ್ನು ಮುಚ್ಚಿಡದೆ ತಿಳಿಸಿದ್ದನೆಂದು ಅಮೆರಿಕದ ಒಲಿಂಪಿಕ್ ಸಮಿತಿ ಒಪ್ಪಿಕೊಂಡದ್ದು ೨೦೦೧ರಲ್ಲಿ. ಪದಕ ಮರಳಲಿಲ್ಲ.

ಉಬ್ಬಸದ ಮದ್ದು ಓಟದ ಮದ್ದಾಗುವುದು ಹೇಗೆ? ಇದರಲ್ಲಿ ವಿದ್ಯಾರ್ಥಿಗಳು ತಿಳಿಯತಕ್ಕ ಒಂದು ಒಳ್ಳೆಯ ತತ್ತ್ವ ಅಡಗಿದೆ. ಎಫೆಡ್ರ ಎಂಬ ಗಿಡವನ್ನು ಚೀನದ ವೈದ್ಯರು ಪುರಾತನ ಕಾಲದಿಂದ ಬಳಸುತ್ತಿದ್ದರು. ೧೮೮೫ರಲ್ಲಿ ಜಪಾನಿನ ನಗಾಯಿ ನಾಗಯೋಶಿ ಎಂಬ ರಸಾಯನಜ್ಞರು ಅದರ ಸಾರವನ್ನು ಬೇರ್ಪಡಿಸಿದರು. ಅದರ ರಚನೆ ನಮ್ಮ ದೇಹವೇ ತಯಾರಿಸುವ ಅಡ್ರಿನಲಿನ್ನಿನ ರಚನೆಯನ್ನು ಬಹುವಾಗಿ ಹೋಲುತ್ತದೆ. ಹಾವು ಕಂಡಾಗ ಎದೆ ಡವಗುಟ್ಟುವುದು, ಉಸಿರು ಹಿಗ್ಗುವುದು, ನಿದ್ರೆ ಹಾರಿಹೋಗುವುದು ಅಡ್ರಿನಲಿನ್ನಿನ ಪ್ರಭಾವದಿಂದ. ಎಫೆಡ್ರಿನ್ನೂ ಶ್ವಾಸನಾಳಗಳನ್ನು ಸಡಿಲಿಸುತ್ತದೆ. ಆದರೆ ಅಷ್ಟಕ್ಕೇ ನಿಲ್ಲದೆ ಹೃದಯವನ್ನೂ ಮೆದುಳನ್ನೂ ಚುರುಕುಗೊಳಿಸುತ್ತದೆ. ಅಡ್ರಿನಲಿನ್ನಿನ ಮಾತನ್ನು ಕೇಳುವ ಗ್ರಾಹಕಗಳು ಒಂದೇ ಬಗೆಯವಲ್ಲವೆಂದು ೧೯೪೮ರಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಅವರು ತೋರಿಸಿಕೊಟ್ಟ ಮೇಲೆ, ಶ್ವಾಸನಾಳದ ಗ್ರಾಹಕಗಳನ್ನೇ ಹೆಚ್ಚಾಗಿ ತಟ್ಟುವ ಮದ್ದನ್ನು ಹುಡುಕುವ ಹಾದಿ ತೆರೆಯಿತು. ೧೯೬೯ರಲ್ಲಿ ಬಳಕೆಗೆ ಬಂದ ಸಾಲ್ಬುಟಮಾಲ್ ಅಂಥ ಮದ್ದು. ಉಬ್ಬಸದ ಆಟಗಾರರು ಇಂದು ಅದನ್ನು ಇನ್ಹೇಲರಿನ ಮೂಲಕ ಗೊತ್ತಾದ ಮಿತಿಯೊಳಗೆ ಸೇದಿಕೊಳ್ಳಬಹುದು; ದಿನಕ್ಕೆ ೧,೬೦೦ ಮೈಕ್ರೋಗ್ರಾಮ್ ದಾಟಬಾರದು. ಅದನ್ನೇ ಗುಳಿಗೆಯಾಗಿ ನುಂಗಿದರೆ ನಿಷಿದ್ಧ! ಮದ್ದಿನ ಹೆಸರೊಂದನ್ನೇ ಬಲ್ಲವನಿಗೆ ಈ ಅಂತರ ತಿಳಿಯಲಾರದು.

೨೦೦೦ದ ಸಿಡ್ನಿ ಕೂಟದಲ್ಲಿ ರುಮೇನಿಯದ ಹದಿನಾರರ ಬಾಲೆ ಆಂದ್ರಿಯಾ ರದುಕಾನ್ ಜಿಮ್ನಾಸ್ಟಿಕ್ಸಿನ ಚಿನ್ನವನ್ನು ಕಳೆದುಕೊಂಡದ್ದು ತಂಡದ ವೈದ್ಯನು ನೆಗಡಿಗೆಂದು ಕೊಟ್ಟ ಗುಳಿಗೆಯಿಂದ. ಅದರಲ್ಲಿ ಸೂಡೊಎಫೆಡ್ರಿನ್ ಇತ್ತು. ಆ ದ್ರವ್ಯವನ್ನು ೨೦೦೪ರಲ್ಲಿ ಪಟ್ಟಿಯಿಂದ ಬಿಟ್ಟರು. ೨೦೧೦ರಲ್ಲಿ ಒಂದು ಮಿತಿ ವಿಧಿಸಿ ಮತ್ತೆ ಸೇರಿಸಿದರು. ಇಂಥ ಪಟ್ಟಿಯನ್ನು ವರ್ಷಕ್ಕೊಮ್ಮೆ ಓದುವವರು ನಮ್ಮ ಜಿಲ್ಲಾಮಟ್ಟದ ಆಟದ ಬಯಲಿನಲ್ಲಿ ಎಷ್ಟು ಮಂದಿ ಇದ್ದಾರೆ?

ಪದಕಗಳ ಮಾತು ಇಷ್ಟು ಸಾಕು. ಪದಕ ಹೋದರೆ ಮನುಷ್ಯ ಉಳಿದಿರುತ್ತಾನೆ. ನಮ್ಮ ಹುಡುಗರಿಗೆ ಹತ್ತಿರದ ಅಪಾಯ ಬೇರೆ. ಅದು ಆ ಹೆಸರಿಲ್ಲದ ನೋವಿನ ಗುಳಿಗೆಯಲ್ಲಿದೆ.

ಆಸ್ಪಿರಿನ್ನು ನೋವನ್ನು ಹೇಗೆ ಕಳೆಯುತ್ತದೆಂಬುದು ಅದು ಮಾರುಕಟ್ಟೆಗೆ ಬಂದು ಎಪ್ಪತ್ತು ವರ್ಷ ಕಳೆದರೂ ಯಾರಿಗೂ ತಿಳಿದಿರಲಿಲ್ಲ. ೧೯೭೧ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಅವರು ಗುಟ್ಟನ್ನು ಬಿಡಿಸಿದರು; ೧೯೮೨ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನಮ್ಮ ಅಂಗಾಂಶಗಳಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಹುಟ್ಟುತ್ತಿರುತ್ತವೆ. ಪೆಟ್ಟಾದೆಡೆಯಲ್ಲಿ ನೋವನ್ನೂ ಊತವನ್ನೂ ಹೆಚ್ಚಿಸುವುದು ಇವೇ. ಮೆದುಳಿನಲ್ಲಿ ಜ್ವರವೇರಿಸುವುದೂ ಇವೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದವು ಇವುಗಳ ಉತ್ಪತ್ತಿಯನ್ನು ತಡೆಯುತ್ತವೆ. ಇಷ್ಟೇ ಆಗಿದ್ದರೆ ಇವುಗಳಂಥ ಉಪಕಾರಿ ಇನ್ನೊಂದಿಲ್ಲ. ಆದರೆ ಜಠರದ ಒಳಗೋಡೆಯನ್ನು ಅದರದೇ ಆಮ್ಲದಿಂದ ಕಾಪಾಡುವುದೂ ಪ್ರೋಸ್ಟಗ್ಲಾಂಡಿನ್‌ಗಳೇ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವ ನಾಳವನ್ನು ತೆರೆದಿಡುವುದೂ ಅವೇ. ಒಂದೇ ಬೀಗದ ಕೈ ನಾಲ್ಕು ಬಾಗಿಲುಗಳನ್ನು ಒಟ್ಟಿಗೆ ಮುಚ್ಚುತ್ತದೆ. ಮಂಡಿಯ ಬಾಗಿಲನ್ನು ಮುಚ್ಚು, ಮೂತ್ರಪಿಂಡದ್ದನ್ನು ಬಿಡು ಎಂದು ಗುಳಿಗೆಗೆ ಹೇಳುವಂತಿಲ್ಲ.

ಬಿಸಿಲಿನಲ್ಲಿ ದೀರ್ಘಕಾಲ ಓಡುವವನ ರಕ್ತವೆಲ್ಲ ಸ್ನಾಯುಗಳಿಗೂ ಚರ್ಮಕ್ಕೂ ಧಾವಿಸುತ್ತದೆ. ಬೆವರಿನಿಂದ ನೀರಿಳಿದಿರುತ್ತದೆ. ಮೂತ್ರಪಿಂಡ ಆಗ ಪ್ರೋಸ್ಟಗ್ಲಾಂಡಿನ್ನಿನ ಆಸರೆಯಲ್ಲೇ ಉಸಿರು ಹಿಡಿದಿರುತ್ತದೆ. ಅದೇ ಹೊತ್ತಿಗೆ ಆ ಆಸರೆಯನ್ನು ಕಿತ್ತುಹಾಕುವುದು ಬುದ್ಧಿವಂತಿಕೆಯಲ್ಲ. ಆರೋಗ್ಯವಂತನೊಬ್ಬ ಮನೆಯಲ್ಲಿ ಕುಳಿತು ಒಂದು ಗುಳಿಗೆ ನುಂಗಿದರೆ ಭಯಪಡಬೇಕಾಗಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಮದ್ದು ಅದೇ, ಮೈಯ ಸ್ಥಿತಿ ಬೇರೆ. ಪ್ರಾಸಂಗಿಕವಾಗಿ, ನಮ್ಮ ದೇಶದ ರಣಹದ್ದುಗಳನ್ನು ನಿರ್ನಾಮದ ಅಂಚಿಗೆ ತಂದದ್ದು ಈ ಡೈಕ್ಲೊಫೆನಾಕೇ. ದನಗಳಿಗೆ ಕೊಟ್ಟ ಮದ್ದು ಸತ್ತ ದನದ ಮಾಂಸದೊಡನೆ ಹದ್ದಿನ ಹೊಟ್ಟೆ ಸೇರಿ ಅವುಗಳ ಮೂತ್ರಪಿಂಡಗಳನ್ನು ಕೆಡಿಸಿತು. ೨೦೦೬ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. ಮನುಷ್ಯನ ಮೂತ್ರಪಿಂಡ ಹದ್ದಿನದರಷ್ಟು ಸೂಕ್ಷ್ಮವಲ್ಲ. ಆದರೂ ಈ ಮದ್ದಿನ ಕೈ ಎಲ್ಲಿಯವರೆಗೆ ಚಾಚುತ್ತದೆಂಬುದನ್ನು ರಾಮನಗರದ ಬೆಟ್ಟದಲ್ಲಿ ಅಳಿದುಳಿದ ಹದ್ದುಗಳನ್ನು ನೋಡಿದವರು ಮರೆಯಲಾರರು.

ಇನ್ನು ನಮ್ಮ ಜ್ವರದ ಹುಡುಗನ ಕಡೆಗೆ ತಿರುಗೋಣ. ಮಳೆಗಾಲದ ಮೈಕೈ ನೋವಿನ ಜ್ವರ ನಮ್ಮ ನಾಡಿನಲ್ಲಿ ಡೆಂಗೆಯಾಗಿರಬಹುದು. ಡೆಂಗೆಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಗ್ಗುತ್ತವೆ. ಆಸ್ಪಿರಿನ್ ಜಾತಿಯ ಮದ್ದುಗಳು ಉಳಿದ ಕಣಗಳ ಕೆಲಸವನ್ನೂ ಕೆಡಿಸುತ್ತವೆ, ಜಠರದ ಗೋಡೆಯನ್ನೂ ಬಡವಾಗಿಸುತ್ತವೆ. ಎರಡೂ ಸೇರಿದರೆ ಒಳಗೆ ರಕ್ತಸ್ರಾವವಾಗುವ ಸಂಭವವುಂಟು. ಡೆಂಗೆಯ ಶಂಕೆಯಿದ್ದಾಗ ಜ್ವರಕ್ಕೆ ಪ್ಯಾರಸಿಟಮಾಲ್ ಹೊರತು ಇವನ್ನು ಕೊಡಬಾರದೆಂದು ವೈದ್ಯರು ಸಾರಿ ಹೇಳುವುದು ಇದಕ್ಕಾಗಿಯೇ. ಪ್ಯಾರಸಿಟಮಾಲ್ ಕೊಟ್ಟಿದ್ದರೆ ಹುಡುಗನನ್ನು ಓಡಿಸಬಹುದಾಗಿತ್ತೇ? ಅದೂ ಸಲ್ಲದು. ಗುಳಿಗೆ ಜ್ವರವನ್ನು ಇಳಿಸುತ್ತದೆ, ರೋಗವನ್ನಲ್ಲ. ಕೆಲವು ವೈರಸ್ ಜ್ವರಗಳಲ್ಲಿ ಹೃದಯದ ಸ್ನಾಯುವೇ ಉರಿತಕ್ಕೆ ಒಳಗಾಗಿರುತ್ತದೆ. ಹಾಗಿದ್ದಾಗ ಬಿರುಸಿನ ಓಟದಿಂದ ಹೃದಯದ ಬಡಿತ ಹಠಾತ್ತನೆ ತಾಳ ತಪ್ಪಬಹುದು. ಶಿಕ್ಷಕರು ಹಣೆ ಮುಟ್ಟಿ ನೋಡಿದರಷ್ಟೆ, ಅಲ್ಲಿಯವರೆಗೆ ಸರಿಯಾಗಿಯೇ ಮಾಡಿದರು. ಬಿಸಿ ಕಂಡೊಡನೆ ಓಟಗಾರರ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಬೇಕಾಗಿತ್ತು.

ಜ್ವರದ ಬಿಸಿ ಬೇರೆ, ಓಟದ ಬಿಸಿ ಬೇರೆ ಎಂಬುದು ತಿಳಿಯದೆ ನಡೆಯುವ ಪ್ರಮಾದ ಇದಕ್ಕಿಂತಲೂ ಘೋರವಾದುದು. ಮೆದುಳಿನ ಹೈಪೊತಲಾಮಸ್ ಎಂಬ ಭಾಗ ದೇಹದ ಉಷ್ಣವನ್ನು ೩೭ ಡಿಗ್ರಿ ಸೆಂಟಿಗ್ರೇಡಿನ ಸುತ್ತಮುತ್ತ ಕಾದಿಡುತ್ತದೆ. ಜ್ವರದಲ್ಲಿ ಪ್ರೋಸ್ಟಗ್ಲಾಂಡಿನ್‌ಗಳು ಈ ಗೊತ್ತನ್ನೇ ಮೇಲಕ್ಕೇರಿಸುತ್ತವೆ. ಗುಳಿಗೆ ಅದನ್ನು ಕೆಳಗಿಳಿಸುತ್ತದೆ. ಓಟಗಾರನಲ್ಲಿ ಗೊತ್ತು ಇದ್ದಲ್ಲಿಯೇ ಇರುತ್ತದೆ. ದುಡಿಯುವ ಸ್ನಾಯು ವ್ಯಯಿಸುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಮಾತ್ರ ಚಲನೆಯಾಗಿ, ಮಿಕ್ಕದ್ದು ಶಾಖವಾಗುತ್ತದೆ. ಒಂದು ಲೀಟರ್ ಬೆವರು ಆರಿದರೆ ಸುಮಾರು ೫೮೦ ಕಿಲೊಕ್ಯಾಲರಿ ಶಾಖ ಹೊರಹೋಗುತ್ತದೆ. ಆರದೆ ನೆಲಕ್ಕೆ ತೊಟ್ಟಿಕ್ಕಿದರೆ ಏನೂ ಹೋಗುವುದಿಲ್ಲ. ಸೆಕೆಯ ದಿನ, ಗಾಳಿಯಾಡದ ಬಯಲು, ಮೈಮುಚ್ಚುವ ಉಡುಪು ಒಟ್ಟುಗೂಡಿದಾಗ ಒಳಗಿನ ಶಾಖ ಏರುತ್ತಲೇ ಹೋಗುತ್ತದೆ. ೪೦ ಡಿಗ್ರಿ ದಾಟಿ, ಆಟಗಾರ ತೊದಲುತ್ತ, ತೂರಾಡುತ್ತ, ಅಸಂಬದ್ಧ ಮಾತನಾಡುತ್ತ ಬಿದ್ದನೆಂದರೆ ಅದು ಶಾಖಾಘಾತ. ಮೈ ಒಣಗಿರುತ್ತದೆಂಬ ಹಳೆಯ ಪಾಠವನ್ನು ಇಲ್ಲಿ ನಂಬಬಾರದು. ಓಟಗಾರ ಬೆವರುತ್ತಿರುವಾಗಲೇ ಶಾಖಾಘಾತಕ್ಕೆ ತುತ್ತಾಗಬಹುದು. ಹಣೆ ಮುಟ್ಟಿ ನೋಡಿದರೂ ತಿಳಿಯದು, ಬಾಯಿಯ ಉಷ್ಣಮಾಪಕವೂ ಮೋಸ ಮಾಡುತ್ತದೆ. ಗುದದಲ್ಲಿ ಇಟ್ಟ ಉಷ್ಣಮಾಪಕ ಒಂದೇ ನಂಬತಕ್ಕದ್ದು.

ಇಂಥವನಿಗೆ ಜ್ವರದ ಗುಳಿಗೆ ಕೊಟ್ಟರೆ ಏನು ಫಲ? ಏರದ ಗೊತ್ತನ್ನು ಇಳಿಸುವುದೆಂತು? ಗುಳಿಗೆ ನಿಷ್ಫಲ, ಕಳೆದ ನಿಮಿಷಗಳು ನಷ್ಟ. ಮಾಡಬೇಕಾದದ್ದು ಒಂದೇ: ಕುತ್ತಿಗೆಯವರೆಗೆ ತಣ್ಣೀರಿನಲ್ಲಿ, ಸಾಧ್ಯವಾದರೆ ಮಂಜುಗಡ್ಡೆಯ ನೀರಿನಲ್ಲಿ, ಮುಳುಗಿಸಿ ತಲೆಯನ್ನು ಹಿಡಿದುಕೊಂಡು ನೀರನ್ನು ಕಲಕುತ್ತಿರಬೇಕು. ಉಷ್ಣ ೩೯ ಡಿಗ್ರಿಯ ಹತ್ತಿರಕ್ಕೆ ಇಳಿದ ಮೇಲೆ ಆಸ್ಪತ್ರೆಗೆ ಸಾಗಿಸಬೇಕು. ಮೊದಲು ತಣಿಸು, ಆಮೇಲೆ ಸಾಗಿಸು ಎಂಬುದೇ ಇಂದಿನ ವೈದ್ಯರ ಸೂತ್ರ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಫಾಲ್ಮತ್ ಎಂಬಲ್ಲಿ ವರ್ಷಂಪ್ರತಿ ಬೇಸಿಗೆಯಲ್ಲಿ ನಡೆಯುವ ಓಟದ ದಾಖಲೆಗಳನ್ನು ೨೦೧೫ರಲ್ಲಿ ಪ್ರಕಟಿಸಿದರು. ೧೮ ವರ್ಷಗಳಲ್ಲಿ ಶಾಖಾಘಾತದಿಂದ ಬಿದ್ದ ೨೭೪ ಪ್ರಸಂಗಗಳಲ್ಲಿ, ಬಯಲಿನಲ್ಲೇ ತಣ್ಣೀರಿಗಿಳಿಸಿದುದರಿಂದ, ಒಂದು ಪ್ರಾಣವೂ ಹೋಗಲಿಲ್ಲ. ಅದೇ ದೇಶದಲ್ಲಿ ೨೦೦೧ರ ಆಗಸ್ಟ್ ೧ರಂದು ಕೋರಿ ಸ್ಟ್ರಿಂಗರ್ ಎಂಬ ಹೆಸರಾಂತ ಫುಟ್‌ಬಾಲ್ ಆಟಗಾರ ಅಭ್ಯಾಸದ ಬಯಲಿನ ಶಾಖಾಘಾತದಿಂದ ೨೭ನೆಯ ವಯಸ್ಸಿನಲ್ಲೇ ತೀರಿಕೊಂಡನು. ಕಲಬುರಗಿ ರಾಯಚೂರುಗಳ ಬೇಸಿಗೆಯನ್ನು ಬಲ್ಲ ನಮಗೆ ಈ ಮಾತು ದೂರದ್ದೆನ್ನಿಸಬಾರದು. ನಮ್ಮ ಬಯಲಿನಲ್ಲಿ ದೊಡ್ಡ ತೊಟ್ಟಿ ಇಲ್ಲದಿದ್ದರೆ ನಾಲ್ವರು ಹಿಡಿದ ಒಂದು ಟಾರ್ಪಾಲಿನ್ನಿನ ತೊಟ್ಟಿಲೂ ಆದೀತು. ಬೇಕಾದದ್ದು ನೀರು, ಮಂಜುಗಡ್ಡೆ ಮತ್ತು ಹೀಗೆ ಮಾಡಬೇಕೆಂಬ ತಿಳಿವು.

ಔಷಧಗಳು ಇಲ್ಲಿಯೂ ಇಣುಕುತ್ತವೆ. ನೆಗಡಿಯ ಗುಳಿಗೆಗಳಲ್ಲಿರುವ ಕೆಲವು ಹಳೆಯ ಜಾತಿಯ ಆಂಟಿಹಿಸ್ಟಮಿನ್‌ಗಳು ಬೆವರನ್ನು ತಗ್ಗಿಸುತ್ತವೆ. ಉತ್ತೇಜಕಗಳು ದಣಿವಿನ ಎಚ್ಚರಿಕೆಯನ್ನೇ ಮರೆಮಾಡುತ್ತವೆ. ೧೯೬೭ರ ಜುಲೈ ೧೩ರಂದು ಫ್ರಾನ್ಸಿನ ಸೈಕಲ್ ಪಂದ್ಯದಲ್ಲಿ ಮಾಂಟ್ ವೆಂಟೂ ಬೆಟ್ಟವನ್ನೇರುತ್ತ ಟಾಮ್ ಸಿಂಪ್ಸನ್ ಸತ್ತದ್ದು ಸುಡುಬಿಸಿಲು, ಆಂಫೆಟಮಿನ್ ಮತ್ತು ಮದ್ಯ ಮೂರೂ ಸೇರಿ. ನಿಲ್ಲು ಎಂದು ಮೈ ಕೂಗಿದ್ದು ಮನಸ್ಸಿಗೆ ಕೇಳಿಸಲಿಲ್ಲ.

ಉಳಿದ ಕಾಯಿಲೆಗಳನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುವೆವು. ಸಿಹಿಮೂತ್ರ ರೋಗವಿದ್ದು ಇನ್ಸುಲಿನ್ ತೆಗೆದುಕೊಳ್ಳುವ ಹುಡುಗಿ ತೊಡೆಗೆ ಚುಚ್ಚಿಕೊಂಡು ಕೂಡಲೇ ಓಡಿದರೆ ಮದ್ದು ಬೇಗ ಹೀರಲ್ಪಟ್ಟು ರಕ್ತದ ಸಕ್ಕರೆ ಕುಸಿಯುತ್ತದೆ. ಅವಳು ನಡುಗುತ್ತಾಳೆ, ಸಿಡುಕುತ್ತಾಳೆ. ಗುರುಗಳು ಮೊಂಡುತನವೆಂದು ಗದರಿಸುತ್ತಾರೆ. ಎಚ್ಚರವಿದ್ದರೆ ಸಕ್ಕರೆ ತಿನ್ನಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಈ ರೋಗವುಳ್ಳವರನ್ನು ಆಟದಿಂದ ದೂರವಿಡಬೇಕೆಂಬುದು ತಪ್ಪು. ೧೯೯೭ರಲ್ಲಿ ಸಿಹಿಮೂತ್ರ ರೋಗ ಕಂಡುಬಂದ ಇಂಗ್ಲೆಂಡಿನ ಸ್ಟೀವ್ ರೆಡ್‌ಗ್ರೇವ್ ೨೦೦೦ದಲ್ಲಿ ದೋಣಿ ಹುಟ್ಟುಹಾಕುವ ಸ್ಪರ್ಧೆಯಲ್ಲಿ ತನ್ನ ಐದನೆಯ ಒಲಿಂಪಿಕ್ ಚಿನ್ನವನ್ನು ಗೆದ್ದನು. ಉಬ್ಬಸದ ಹುಡುಗನ ಇನ್ಹೇಲರ್ ಅವನ ಕಿಸೆಯಲ್ಲಿರಬೇಕು, ಮುಖ್ಯೋಪಾಧ್ಯಾಯರ ಬೀರುವಿನಲ್ಲಲ್ಲ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಿನಂಚಿನ ಬುಡಕಟ್ಟುಗಳಲ್ಲಿ ರಕ್ತದ ಕುಡುಗೋಲು ಕಣದ ದೋಷ ಹಲವರಲ್ಲಿದೆ. ರೋಗವಾಗಿ ಕಾಣದೆ ವಂಶದ ಗುಣವಾಗಿ ಮಾತ್ರ ಅದನ್ನು ಹೊತ್ತವರೂ ಮಿತಿಮೀರಿ ಓಡಿಸಿದರೆ ಕುಸಿಯಬಹುದು; ಅಂಥವರು ನಿಂತಾಗ ಸೋಮಾರಿತನವೆನ್ನದೆ ನಿಲ್ಲಗೊಡಬೇಕು. ಹೃದಯ ನಿಂತಾಗಲಂತೂ ಕಾಲ ನಿಮಿಷಗಳಲ್ಲಿ ಎಣಿಸತಕ್ಕದ್ದು. ೨೦೨೧ರ ಜೂನ್ ೧೨ರಂದು ಕೋಪನ್‌ಹೇಗನ್ನಿನ ಬಯಲಿನಲ್ಲಿ ಬಿದ್ದ ಕ್ರಿಸ್ಟಿಯನ್ ಎರಿಕ್ಸನ್ ಬದುಕಿದ್ದು ಅಲ್ಲಿಯೇ ಎದೆಯೊತ್ತಿ, ಅಲ್ಲಿಯೇ ವಿದ್ಯುತ್ತಿನ ಆಘಾತ ಕೊಟ್ಟದ್ದರಿಂದ.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರುವುದನ್ನು ಬಲ್ಲೆವು. ಅರೆತಿಳಿವು ಅಪಾಯ, ವ್ಯಾಯಾಮ ಶಿಕ್ಷಕರಿಗೆ ಔಷಧಶಾಸ್ತ್ರ ಕಲಿಸಿದರೆ ಅವರು ತಾವೇ ವೈದ್ಯರಾಗಿಬಿಡುವರು ಎಂದು ಒಬ್ಬ ವೈದ್ಯಮಿತ್ರರು ನಮ್ಮೊಡನೆ ವಾದಿಸಿದರು. ಅವರ ಭಯ ನಿರಾಧಾರವಲ್ಲ. ಆದರೆ ಕಲಿಸದೆಯೇ ಅವರು ಗುಳಿಗೆ ಕೊಡುತ್ತಿದ್ದಾರಲ್ಲ! ಇಂದು ಇರುವುದು ಅರೆತಿಳಿವೂ ಅಲ್ಲ, ತಿಳಿವಿಲ್ಲದ ಧೈರ್ಯ. ಪ್ರೋಸ್ಟಗ್ಲಾಂಡಿನ್ನಿನ ನಾಲ್ಕು ಬಾಗಿಲುಗಳನ್ನು ಅರಿತವನು ಜ್ವರದ ಹುಡುಗನಿಗೆ ಸುಲಭವಾಗಿ ಗುಳಿಗೆ ನೀಡಲಾರನು. ಅಮೆರಿಕದ ಟ್ರೇನರುಗಳಿಗೂ ಮದ್ದು ಬರೆದುಕೊಡುವ ಅಧಿಕಾರವಿಲ್ಲ. ಔಷಧಶಾಸ್ತ್ರವನ್ನು ಓದಿಯೂ ಅವರು ವೈದ್ಯರ ಅಧೀನದಲ್ಲೇ ದುಡಿಯುತ್ತಾರೆ.

ಎರಡನೆಯ ಆಕ್ಷೇಪಣೆ, ೧೦೮ಕ್ಕೆ ಕರೆ ಮಾಡಿದರೆ ವಾಹನ ಬರುತ್ತದಲ್ಲ ಎಂಬುದು. ಬರುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಮೆದುಳು ರಕ್ತವಿಲ್ಲದೆ ಕೆಲವೇ ನಿಮಿಷ ತಡೆದೀತು. ಶಾಖಾಘಾತದಲ್ಲಿ ಅರ್ಧ ಗಂಟೆಯ ಒಳಗೆ ತಣಿಸಬೇಕು. ಊರಾಚೆಯ ಬಯಲಿಗೆ ವಾಹನ ಬಂದು ಮುಟ್ಟುವ ತನಕ ಆ ಮಗು ಯಾರ ಕೈಯಲ್ಲಿರುತ್ತದೆ?

ಆದುದರಿಂದ ನಾವು ಕೇಳುವುದು ಇಷ್ಟು. ವ್ಯಾಯಾಮ ಶಿಕ್ಷಣದ ತರಬೇತಿಯಲ್ಲಿ ಔಷಧಗಳು ಮತ್ತು ಸಾಮಾನ್ಯ ರೋಗಗಳು ಎಂಬುದು ಪರೀಕ್ಷೆಯುಳ್ಳ ಪ್ರತ್ಯೇಕ ವಿಷಯವಾಗಲಿ. ಪಾಠ ಹೇಳುವವರು ವೈದ್ಯಕೀಯ ಕಾಲೇಜಿನಿಂದ ಬರಲಿ. ಇವನು ಇಂದು ಓಡಕೂಡದು ಎಂದು ಶಿಕ್ಷಕರು ಹೇಳಿದರೆ ಅದನ್ನು ಮೀರುವ ಅಧಿಕಾರ ಶಾಲೆಯ ಆಡಳಿತಕ್ಕೂ ಇರದಿರಲಿ. ಈ ಎರಡನೆಯದು ಮೊದಲಿನದಕ್ಕಿಂತ ಕಷ್ಟ. ಢಾಲು ಎಲ್ಲರಿಗೂ ಬೇಕು.

ಇವು ಆಗುವವರೆಗೆ ಮಾಡಬಹುದಾದ ಕೆಲಸವೂ 1ಂದಿದೆ. ಪೆಟ್ಟಿಗೆಯ ತಳದಲ್ಲಿರುವ ಹೆಸರಿಲ್ಲದ ಗುಳಿಗೆಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ಒಂದು ಉಷ್ಣಮಾಪಕವನ್ನೂ ಒಂದು ನೋಟ್‌ಬುಕ್ಕನ್ನೂ ಇಡಬೇಕು. ನೋಟ್‌ಬುಕ್ಕಿನಲ್ಲಿ ಪ್ರತಿ ಆಟಗಾರನ ಹೆಸರಿನ ಮುಂದೆ ಎರಡು ಸಾಲು: ನಿನಗೆ ಯಾವ ಕಾಯಿಲೆಯಿದೆ, ಈ ವಾರ ಏನು ನುಂಗಿದ್ದೀಯೆ. ಆಡುವ ವಿದ್ಯಾರ್ಥಿಗಳೇ ಇದನ್ನು ಪ್ರಾರಂಭಿಸಬಹುದು. ಕ್ರೀಡಾಕೂಟದ ಅರ್ಜಿಯಲ್ಲಿ ಹುಟ್ಟಿದ ದಿನಾಂಕದ ಕೆಳಗೆ ತಾವಾಗಿಯೇ ಬರೆದುಕೊಡಬಹುದು. ಹಾಗೆ ಬರೆದುಕೊಟ್ಟದ್ದನ್ನು ಓಟದ ಹಿಂದಿನ ದಿನ ಯಾರು ಓದುತ್ತಾರೆಂಬುದನ್ನು ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಡಿಮಾಂಟ್ ಬರೆದುಕೊಟ್ಟಿದ್ದನು.